ಫುಕುಶಿಮಾ: ರಿಯಾಕ್ಟರ್ ನಿಂತ ಮೇಲೆ ಆದದ್ದೇನು?

ಭೂಕಂಪ ಆದ ತಕ್ಷಣ ರಿಯಾಕ್ಟರ್‌ಗಳು ತಾವಾಗಿಯೇ ನಿಂತವು. ಹಾಗಾದರೆ ಫುಕುಶಿಮಾದಲ್ಲಿ ಕೆಟ್ಟದ್ದೆಲ್ಲಿ?

2011ರ ಮಾರ್ಚ್ 11, ಮಧ್ಯಾಹ್ನ 2:46. ಜಪಾನಿನ ಈಶಾನ್ಯ ಕರಾವಳಿಯಾಚೆ 9.0 ತೀವ್ರತೆಯ ಭೂಕಂಪ. ಫುಕುಶಿಮಾ ದಾಯಿಚಿ ಸ್ಥಾವರದಲ್ಲಿ ಓಡುತ್ತಿದ್ದ ಮೂರೂ ರಿಯಾಕ್ಟರ್‌ಗಳು ಬಂದ್ ಆದವು. ಹೊರಗಿನಿಂದ ಬರುವ ಕರೆಂಟ್ ಹೋಯಿತು. ಡೀಸೆಲ್ ಜನರೇಟರ್‌ಗಳು ಶುರುವಾದವು.

ಸುಮಾರು 50 ನಿಮಿಷಕ್ಕೆ ಸುನಾಮಿ ನುಗ್ಗಿತು. ಸ್ಥಾವರದವರು ಲೆಕ್ಕ ಹಾಕಿದ್ದು ಸುಮಾರು 6 ಮೀಟರ್ ಅಲೆಗೆ. ಬಂದದ್ದು ಅದರ ಎರಡು ಪಟ್ಟಿಗೂ ಹೆಚ್ಚು ಎತ್ತರದ ಅಲೆ. ನೆಲಮಾಳಿಗೆಯಲ್ಲಿದ್ದ ಜನರೇಟರ್‌ಗಳು ಮುಳುಗಿದವು.

ಒಲೆಯ ಉರಿ ಆರಿಸಿದರೂ ಕೆಂಡದ ಕಾವು ಉಳಿಯುತ್ತದಲ್ಲ, ಹಾಗೆಯೇ ನಿಂತ ರಿಯಾಕ್ಟರ್‌ನ ಇಂಧನವೂ ಬಿಸಿ ಹೊಮ್ಮಿಸುತ್ತಲೇ ಇರುತ್ತದೆ. ಅದನ್ನು ತಂಪಾಗಿಡಲು ನೀರು ಹಾಯಿಸುವ ಪಂಪ್‌ಗಳಿಗೆ ಕರೆಂಟ್ ಇಲ್ಲದಿದ್ದರೆ ಆ ನೀರು ಕುದಿದು ಬತ್ತುತ್ತದೆ. ಕಾದ ಇಂಧನ ಕಡ್ಡಿಗಳ ಜಿರ್ಕೋನಿಯಂ ಹೊದಿಕೆಗೆ ಹಬೆ ತಾಗಿದಾಗ ಹೈಡ್ರೋಜನ್ ಹುಟ್ಟುತ್ತದೆ. 12ರಂದು 1ನೇ ಘಟಕದ ಕಟ್ಟಡ, 14ರಂದು 3ನೇ ಘಟಕದ ಕಟ್ಟಡ ಸ್ಫೋಟಿಸಿದ್ದು ಈ ಹೈಡ್ರೋಜನ್‌ನಿಂದ. ಅದು ಅಣುಬಾಂಬಿನಂಥ ಸ್ಫೋಟವಲ್ಲ. ಆದರೂ ಒಳಗೆ ಮೂರು ರಿಯಾಕ್ಟರ್‌ಗಳ ಇಂಧನ ಕರಗಿತ್ತು, ವಿಕಿರಣ ಹೊರಬಿದ್ದಿತ್ತು.

3 ಕಿಲೋಮೀಟರ್ ಇದ್ದ ತೆರವು ವಲಯ ಒಂದು ದಿನ ತುಂಬುವುದರೊಳಗೆ 20 ಕಿಲೋಮೀಟರ್ ಆಯಿತು. ಕೊನೆಗೆ ಮನೆ ಬಿಟ್ಟವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಏಪ್ರಿಲ್ 12ರಂದು ದುರಂತವನ್ನು ಪರಮಾಣು ಅವಘಡಗಳ ಅಂತರರಾಷ್ಟ್ರೀಯ ಮಾಪಕದಲ್ಲಿ 7ನೇ ಮಟ್ಟಕ್ಕೆ, ಅಂದರೆ ಗರಿಷ್ಠ ಮಟ್ಟಕ್ಕೆ ಏರಿಸಲಾಯಿತು.

ಎಲ್ಲೇ ಆಗಲಿ, ಇಂಥ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿ. ಪಂಪ್‌ಗಳಿಗೆ ಕರೆಂಟ್ ಇದೆಯೇ? ಇಂಧನಕ್ಕೆ ನೀರು ತಲುಪುತ್ತಿದೆಯೇ? ರಿಯಾಕ್ಟರ್ ಸುತ್ತಲಿನ ರಕ್ಷಾಕವಚ ಭದ್ರವಾಗಿದೆಯೇ? ಇವಕ್ಕೆ ತಡಮಾಡದೆ, ನಿಜವಾದ ಉತ್ತರ ಕೊಡುವುದು ಸ್ಥಾವರ ನಡೆಸುವವರ ಹೊಣೆ. ಕೇಳುವುದು ಜನರ ಹಕ್ಕು.