ಕರುಳಿನ ಕಾಯಿಲೆಗೆ ಲೆಕ್ಕವಿಟ್ಟ ವೈದ್ಯ

ದಿನಕ್ಕೆ ಆರು ಸಲ ಅಥವಾ ಅದಕ್ಕೂ ಹೆಚ್ಚು ರಕ್ತ ಬೆರೆತ ಭೇದಿ. ಜೊತೆಗೆ ಜ್ವರ, ನಿಮಿಷಕ್ಕೆ 90 ದಾಟಿದ ನಾಡಿ, ಇಳಿದ ಹಿಮೋಗ್ಲೋಬಿನ್, ರಕ್ತಪರೀಕ್ಷೆಯಲ್ಲಿ 30 ಮೀರಿದ ಇಎಸ್‌ಆರ್. ಅಲ್ಸರೇಟಿವ್ ಕೊಲೈಟಿಸ್ ಇರುವವರು ಆಸ್ಪತ್ರೆಗೆ ಬಂದರೆ, ಕಾಯಿಲೆ ಕೈ ಮೀರುತ್ತಿದೆಯೇ ಎಂದು ವೈದ್ಯರು ಇವತ್ತಿಗೂ ಅಳೆಯುವುದು ಇದರಿಂದಲೇ. ಬೆಂಗಳೂರಿನಲ್ಲೂ ಅಷ್ಟೆ, ಲಂಡನ್ನಿನಲ್ಲೂ ಅಷ್ಟೆ. ಈ ಅಳತೆಗೋಲು ಸಿದ್ಧವಾದದ್ದು 1955ರಲ್ಲಿ, ಆಕ್ಸ್‌ಫರ್ಡಿನ ರ್‍ಯಾಡ್‌ಕ್ಲಿಫ್ ಇನ್‌ಫರ್ಮರಿಯಲ್ಲಿ. ಅಲ್ಲಿನ ವೈದ್ಯ ಸಿಡ್ನಿ ಟ್ರೂಲವ್ ಮತ್ತು ಪ್ರೊಫೆಸರ್ ಲೆಸ್ಲಿ ವಿಟ್ಸ್ ಅದನ್ನು ರೂಪಿಸಿದವರು.

ದೊಡ್ಡ ಕರುಳಿನ ಒಳಪದರ ಊದಿ ಹುಣ್ಣಾಗುವ ಈ ಕಾಯಿಲೆಗೆ ಆಗ ನಂಬಬಹುದಾದ ಮದ್ದಿರಲಿಲ್ಲ. ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಹೊಸದಾಗಿ ಬಂದಿತ್ತು. ನಾಲ್ಕಾರು ರೋಗಿಗಳಿಗೆ ಕೊಟ್ಟು ಗುಣವಾಯಿತೆಂದು ಹೇಳುವುದು ಕಷ್ಟವಿರಲಿಲ್ಲ. ಆದರೆ ಇದು ತಾನಾಗಿ ಕೆರಳಿ ತಾನಾಗಿ ತಣಿಯುವ ಕಾಯಿಲೆ. ಹಾಗಿದ್ದಾಗ ಗುಣವಾದದ್ದು ಮದ್ದಿನಿಂದಲೋ, ಕಾಲ ಕಳೆದದ್ದರಿಂದಲೋ? ಟ್ರೂಲವ್ ಮತ್ತು ವಿಟ್ಸ್ 210 ರೋಗಿಗಳನ್ನು ಆರಿಸಿಕೊಂಡರು. 109 ಮಂದಿಗೆ ಕಾರ್ಟಿಸೋನ್, ಉಳಿದ 101 ಮಂದಿಗೆ ನೋಡಲು ಅದರಂತೆಯೇ ಇದ್ದ, ಮದ್ದಿಲ್ಲದ ಮಾತ್ರೆ. ಆರು ವಾರಗಳಲ್ಲಿ ಕಾರ್ಟಿಸೋನ್ ಪಡೆದವರಲ್ಲಿ ಶೇ 41ರಷ್ಟು ಮಂದಿಗೆ ಕಾಯಿಲೆ ತಣಿಯಿತು, ಉಳಿದವರಲ್ಲಿ ಶೇ 16ರಷ್ಟು ಮಂದಿಗೆ. ಎಲ್ಲರ ಕಣ್ಣು ಹೋಗುವುದು ಮೊದಲ ಅಂಕಿಯ ಮೇಲೆ. ನನಗೆ ಎರಡನೆಯದೇ ದೊಡ್ಡದೆನಿಸುತ್ತದೆ. ಅದಿಲ್ಲದಿದ್ದರೆ ಮೊದಲನೆಯದಕ್ಕೆ ಅರ್ಥವೇ ಇಲ್ಲ.

ಮದ್ದು ಗೆದ್ದಿತೆಂದು ಅವರು ಅಲ್ಲಿಗೇ ನಿಲ್ಲಲಿಲ್ಲ. ಕಾಯಿಲೆ ಮರುಕಳಿಸದಂತೆ ಕಾರ್ಟಿಸೋನ್ ತಡೆಯುತ್ತದೆಯೇ ಎಂದೂ ಪರೀಕ್ಷಿಸಿದರು, ತಡೆಯುವುದಿಲ್ಲವೆಂದು 1959ರಲ್ಲಿ ಪ್ರಕಟಿಸಿದರು. 1974ರಲ್ಲಿ ಟ್ರೂಲವ್, ಡೆರೆಕ್ ಜುವೆಲ್ ಜೊತೆ ಸೇರಿ, ತೀವ್ರ ದಾಳಿಗೆ ಐದು ದಿನಗಳ ಚಿಕಿತ್ಸಾಕ್ರಮವೊಂದನ್ನು ಮುಂದಿಟ್ಟರು: ರಕ್ತನಾಳದ ಮೂಲಕ ಸ್ಟೆರಾಯ್ಡ್, ಅಷ್ಟರಲ್ಲಿ ಹತೋಟಿಗೆ ಬಾರದಿದ್ದರೆ ತಡಮಾಡದೆ ಶಸ್ತ್ರಚಿಕಿತ್ಸೆ. ಕಾಯುತ್ತ ಕೂತು ಕರುಳು ತೂತಾಗಿ ಸಾಯುವುದನ್ನು ತಪ್ಪಿಸಿದ್ದು ಈ ಗಡುವು.

ಟ್ರೂಲವ್ ಅವರ ಕೆಲಸಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು 1977ರದು. ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ ಸಂಧಿವಾತಕ್ಕೆಂದು ಸಲ್ಫಾಸಲಜೀನ್ ಎಂಬ ಮದ್ದನ್ನು ರೂಪಿಸಿದ್ದರು. ಅದು ಕೊಲೈಟಿಸ್‌ಗೂ ನಾಟುತ್ತದೆಂದು 1942ರಲ್ಲಿ ಬರೆದರು. ಅದು ಎರಡು ಮದ್ದುಗಳ ಜೋಡಿ: ಒಂದು ಸಲ್ಫಾಪಿರಿಡಿನ್, ಇನ್ನೊಂದು 5-ಎಎಸ್‌ಎ. ನುಂಗಿದ ಮಾತ್ರೆ ದೊಡ್ಡ ಕರುಳನ್ನು ಮುಟ್ಟಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಎರಡನ್ನೂ ಬಿಡಿಸುತ್ತವೆ. ಮೂವತ್ತೈದು ವರ್ಷ ರೋಗಿಗಳು ಅದನ್ನು ನುಂಗಿದರು. ಹಲವರಿಗೆ ತಲೆನೋವು, ವಾಕರಿಕೆ, ಗಂಡಸರಲ್ಲಿ ವೀರ್ಯಾಣುಗಳ ಇಳಿಕೆ. ಕೆಲಸ ಮಾಡುವುದು ಯಾವ ಅರ್ಧ, ಕಾಟ ಕೊಡುವುದು ಯಾವ ಅರ್ಧ?

ಇದನ್ನು ಬಿಡಿಸಲು ಟ್ರೂಲವ್ ಅವರ ಜೊತೆ ಕೂತವರು ಆಗಿನ್ನೂ ತರುಣರಾಗಿದ್ದ ಬಾಂಗ್ಲಾದೇಶದ ಎ.ಕೆ. ಆಜಾದ್ ಖಾನ್. ಬಿಡಿ ಮದ್ದುಗಳನ್ನು ನುಂಗಿಸಿದರೆ ಅವು ಸಣ್ಣ ಕರುಳಿನಲ್ಲೇ ರಕ್ತಕ್ಕೆ ಹೀರಿಹೋಗುತ್ತವೆ, ಹುಣ್ಣಿನ ಜಾಗ ತಲುಪುವುದಿಲ್ಲ. ಅದಕ್ಕೇ ಅವರು ಎನಿಮಾ ಹಿಡಿದರು. ಕೆಲವರಿಗೆ ಜೋಡಿ ಮದ್ದು, ಕೆಲವರಿಗೆ ಒಂದು ಅರ್ಧ, ಕೆಲವರಿಗೆ ಇನ್ನೊಂದು ಅರ್ಧ, ನೇರವಾಗಿ ಗುದದ್ವಾರದ ಮೂಲಕ. ಆಮೇಲೆ ಕರುಳಿನ ಒಳಪದರದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. 5-ಎಎಸ್‌ಎ ಜೋಡಿಮದ್ದಿನಷ್ಟೇ ಕೆಲಸ ಮಾಡಿತ್ತು. ಸಲ್ಫಾಪಿರಿಡಿನ್ ಹೆಚ್ಚೇನೂ ಮಾಡಿರಲಿಲ್ಲ. ಎಷ್ಟು ಸರಳ, ಎಷ್ಟು ಸೊಗಸಾದ ಪ್ರಯೋಗ! ದೊಡ್ಡ ಕರುಳಿನವರೆಗೂ ಕರಗದಂತೆ ಹೊದಿಕೆ ಹಾಕಿದ 5-ಎಎಸ್‌ಎ ಮಾತ್ರೆಗಳು ಆಮೇಲೆ ಬಂದವು. ನಮ್ಮ ಔಷಧ ಅಂಗಡಿಗಳಲ್ಲಿ ಮೆಸಲಮಿನ್ ಎಂದು ಸಿಗುವುದು ಅದೇ. ಆಜಾದ್ ಖಾನ್ ತಾಯ್ನಾಡಿಗೆ ಮರಳಿ ಅಲ್ಲಿನ ಮಧುಮೇಹಿಗಳ ಸಂಘದ ಅಧ್ಯಕ್ಷರಾದರು.

ನಮ್ಮಲ್ಲಿ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಥವಾ ಆಮಶಂಕೆ ಎಂದುಕೊಂಡು ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ಕೊಲೈಟಿಸ್ ಎಂದು ಗೊತ್ತಾಗಿ ಮಾತ್ರೆ ಶುರುವಾದ ಮೇಲೆ ಬರುವ ಪ್ರಶ್ನೆ ಒಂದೇ: “ಈಗ ಆರಾಮಾಗಿದ್ದೀನಲ್ಲ, ನಿಲ್ಲಿಸಬಹುದಾ?” 1973ರಲ್ಲಿ ಟ್ರೂಲವ್ ಮತ್ತು ಅವರ ಸಹಸಂಶೋಧಕ ದಿಸ್ಸನಾಯಕೆ ಇದಕ್ಕೂ ಉತ್ತರ ಹುಡುಕಿದ್ದರು. ಸಲ್ಫಾಸಲಜೀನ್ ನುಂಗುತ್ತ ಬಹುಕಾಲ ಆರಾಮಾಗಿದ್ದವರಲ್ಲೇ ಕೆಲವರಿಗೆ ಅದೇ ಮಾತ್ರೆ ಮುಂದುವರಿಸಿದರು, ಉಳಿದವರಿಗೆ ಮದ್ದಿಲ್ಲದ ಮಾತ್ರೆ ಕೊಟ್ಟರು. ಮದ್ದಿಲ್ಲದವರಲ್ಲಿ ಕಾಯಿಲೆ ಮರುಕಳಿಸಿದ್ದು ನಾಲ್ಕು ಪಟ್ಟಿಗೂ ಹೆಚ್ಚು.