ಇರಾನ್ ಅಣು ಒಪ್ಪಂದ: ಒಂದು ವರ್ಷದ ಟೈಮ್‌ಗಾಗಿ ನಡೆದ ಚೌಕಾಸಿ

ಹೋದ ವಾರ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ಇರಾನ್ ಇನ್ನೇನು ಬಾಂಬ್ ಮಾಡೇಬಿಡುತ್ತೆ ಅನ್ನೋ ಸುದ್ದಿಯನ್ನ ಅವರು ಹೈಸ್ಕೂಲ್‌ನಲ್ಲಿದ್ದಾಗಿಂದ ಕೇಳ್ತಿದ್ದಾರಂತೆ. ಈಗ ಕೆಲಸ ಸಿಕ್ಕಿ, ಬೈಕ್ ಲೋನೂ ತೀರಿದೆ. ಆ ಬಾಂಬ್ ಎಲ್ಲಿ ಹೋಯ್ತು ಅಂತ ಅವರ ಪ್ರಶ್ನೆ.

ಕೇಳಿ ಮೊದಲು ನಕ್ಕೆ. ಆಮೇಲೆ ಉತ್ತರ ಹೇಳೋಕೆ ಕೂತಾಗ ಗೊತ್ತಾಯ್ತು, ನನಗೂ ಇದು ಸರಿಯಾಗಿ ಅರ್ಥ ಆಗಿರಲಿಲ್ಲ. ಬಾಂಬ್ ಇದೆಯಾ ಇಲ್ವಾ ಅನ್ನೋದೇ ಜಗಳ ಅಂದ್ಕೊಂಡಿದ್ದೆ. ಓದ್ತಾ ಹೋದ ಹಾಗೆ ಕಂಡಿದ್ದು ಬೇರೆ. ಇರಾನ್ ಇವತ್ತೇ ಮನಸ್ಸು ಮಾಡಿದ್ರೆ, ಒಂದು ಬಾಂಬ್‌ಗೆ ಬೇಕಾದಷ್ಟು ಯುರೇನಿಯಂ ತಯಾರಾಗೋಕೆ ಎಷ್ಟು ದಿನ ಬೇಕು? ಇಷ್ಟು ವರ್ಷದ ಚೌಕಾಸಿ ಬಹುಪಾಲು ಈ ಒಂದು ಪ್ರಶ್ನೆಯ ಸುತ್ತ ನಡೆದಿದೆ. ಇದಕ್ಕೆ 'ಬ್ರೇಕ್‌ಔಟ್ ಟೈಮ್' ಅಂತಾರೆ.

ಮೊರದಲ್ಲಿ ಸಾವಿರ ಕಾಳು

ಇದಕ್ಕೆ ಸ್ವಲ್ಪ ಲೆಕ್ಕ ಬೇಕು, ಹೆದರಬೇಡಿ. ಒಂದು ಮೊರದಲ್ಲಿ ಸಾವಿರ ಕಾಳು ಇದೆ ಅಂದ್ಕೊಳ್ಳಿ. ಅದರಲ್ಲಿ 7 ಕಾಳು ಮಾತ್ರ ನಮಗೆ ಬೇಕಾದ್ದು, ಉಳಿದ 993 ಬೇಡದ್ದು. ಭೂಮಿಯಿಂದ ತೆಗೆದ ಯುರೇನಿಯಂ ಹೀಗೇ ಇರುತ್ತೆ. ಬೇಕಾದ ಯುರೇನಿಯಂ-235 ಅದರಲ್ಲಿ ಸುಮಾರು ಶೇ 0.7 ಅಷ್ಟೇ. ಸೆಂಟ್ರಿಫ್ಯೂಜ್ ಅನ್ನೋ ಯಂತ್ರಗಳು ಅನಿಲ ರೂಪದ ಯುರೇನಿಯಂ ಅನ್ನ ಭಾರೀ ವೇಗದಲ್ಲಿ ತಿರುಗಿಸಿ, ಬೇಡದ್ದನ್ನ ಬೇರೆ ಮಾಡ್ತಾ ಹೋಗ್ತವೆ. ಇದೇ ಸಂವರ್ಧನೆ, ಎನ್‌ರಿಚ್‌ಮೆಂಟ್.

ವಿದ್ಯುತ್ ಸ್ಥಾವರಕ್ಕೆ ಸಾಮಾನ್ಯವಾಗಿ ಶೇ 3ರಿಂದ 5 ಸಾಕು. ಬಾಂಬ್‌ಗೆ ಸುಮಾರು ಶೇ 90 ಬೇಕು. ಕೇಳೋಕೆ ಭಾರೀ ದೂರ ಅನ್ಸುತ್ತೆ ಅಲ್ವಾ? ಈಗ ಮೊರ ನೋಡಿ. ಶೇ 3.67ಕ್ಕೆ ಬರಬೇಕು ಅಂದ್ರೆ 993ರಲ್ಲಿ ಸುಮಾರು 809 ಕಾಳು ಆರಿಸಿ ಹಾಕಿರ್ತೀರಿ. ಶೇ 20ಕ್ಕೆ ಬಂದಾಗ 965 ಹೋಗಿರುತ್ತೆ. ಶೇ 60 ಅಂದ್ರೆ 988 ಹೋಗಿ, ಬೇಡದ ಕಾಳು ಐದೇ ಐದು ಉಳಿದಿರುತ್ತೆ. ಅಲ್ಲಿಂದ ಶೇ 90ಕ್ಕೆ ಹೋಗೋದು ಇನ್ನು ನಾಲ್ಕು ಕಾಳಿನ ಕೆಲಸ.

ಅಂದ್ರೆ ಕಷ್ಟದ ಕೆಲಸ ಎಲ್ಲಾ ಶುರುವಿನಲ್ಲೇ ಮುಗಿದುಹೋಗುತ್ತೆ. ಸ್ಥಾವರಕ್ಕೆ ಇಂಧನ ಮಾಡೋ ಯಂತ್ರವೇ ಬಾಂಬ್‌ಗೂ ಸಾಮಗ್ರಿ ಮಾಡಬಲ್ಲದು. ಹಾಗಾಗಿ ಯಂತ್ರ ನೋಡಿ ಉದ್ದೇಶ ಹೇಳೋಕಾಗಲ್ಲ. ಬಾಂಬ್‌ಗೆ ಇನ್ನೂ ಬೇರೆ ತಂತ್ರಜ್ಞಾನ ಬೇಕು, ಆದ್ರೆ ಯುರೇನಿಯಂ ಇಲ್ಲದೆ ಉಳಿದಿದ್ದೆಲ್ಲಾ ವ್ಯರ್ಥ.

ಎರಡೂ ಕಡೆಯ ವಾದ

2002ರ ಆಗಸ್ಟ್‌ನಲ್ಲಿ ದೇಶದ ಹೊರಗಿದ್ದ ಇರಾನಿ ವಿರೋಧಿ ಗುಂಪೊಂದು, ನತಾಂಜ್‌ನಲ್ಲಿ ಗುಟ್ಟಾಗಿ ಅಣು ಘಟಕ ಕಟ್ತಿದ್ದಾರೆ ಅಂತ ಬಯಲು ಮಾಡ್ತು. ಇರಾನ್‌ನ ವಾದ: ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ನಾವು ಸಹಿ ಹಾಕಿದ್ದೀವಿ, ಶಾಂತಿಯುತ ಬಳಕೆ ನಮ್ಮ ಹಕ್ಕು. ಪಶ್ಚಿಮ ದೇಶಗಳ ವಾದ: ಹಕ್ಕಿದ್ರೆ ಮುಚ್ಚಿಟ್ಟಿದ್ದು ಯಾಕೆ? 2009ರಲ್ಲಿ ಬೆಟ್ಟದ ಒಳಗೆ ಕಟ್ಟಿದ ಫೋರ್ಡೊ ಘಟಕವೂ ಬಯಲಾದಾಗ ಅನುಮಾನ ಇನ್ನೂ ಗಟ್ಟಿಯಾಯ್ತು. 2003ರ ಕೊನೆಗೂ ಮೊದಲು ಇರಾನ್‌ನಲ್ಲಿ ಸ್ಫೋಟಕ ಸಾಧನಕ್ಕೆ ಸಂಬಂಧಪಟ್ಟ ಸಂಘಟಿತ ಕೆಲಸ ನಡೆದಿತ್ತು ಅಂತ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದ್ರೆ ಐಎಇಎ, 2015ರ ಡಿಸೆಂಬರ್‌ನಲ್ಲಿ ಹೇಳಿತು. ಇರಾನ್ ಯಾವತ್ತೂ ಒಪ್ಪಿಲ್ಲ.

ವಿಯೆನ್ನಾದ ಹೋಟೆಲ್

ಮಾತುಕತೆಗೆ ದಾರಿ ತೆಗೆದಿದ್ದು ಪುಟ್ಟ ದೇಶ ಒಮಾನ್. ಅಮೆರಿಕ ಮತ್ತು ಇರಾನ್ ಅಧಿಕಾರಿಗಳು ಮೊದಲು ಅಲ್ಲಿ ಗುಟ್ಟಾಗಿ ಭೇಟಿ ಆದ್ರು. 2013ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ತಾತ್ಕಾಲಿಕ ಒಪ್ಪಂದ. ಆಮೇಲೆ 2015ರ ಬೇಸಿಗೆಯಲ್ಲಿ ವಿಯೆನ್ನಾದ ಪ್ಯಾಲೆ ಕೋಬರ್ಗ್ ಹೋಟೆಲ್‌ನಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ ಕೊನೆಯ ಸುತ್ತು. ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿ ಸೈಕಲ್‌ನಿಂದ ಬಿದ್ದು ಕಾಲು ಮುರ್ಕೊಂಡಿದ್ರು, ಊರುಗೋಲು ಹಿಡಿದೇ ಬಂದ್ರು. ಎದುರಿಗೆ ಇರಾನ್‌ನ ಜವಾದ್ ಜರೀಫ್.

ನನಗೆ ಇಷ್ಟ ಆದ ಜೋಡಿ ಬೇರೆ. ಅಮೆರಿಕದ ಇಂಧನ ಸಚಿವ ಅರ್ನೆಸ್ಟ್ ಮೊನೀಜ್, ಇರಾನ್ ಅಣುಶಕ್ತಿ ಮುಖ್ಯಸ್ಥ ಅಲಿ ಅಕ್ಬರ್ ಸಲೇಹಿ. ಸಲೇಹಿ 1970ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಡಾಕ್ಟರೇಟ್ ಮಾಡಿದವರು. ಅದೇ ಹೊತ್ತಿಗೆ ಮೊನೀಜ್ ಅಲ್ಲಿ ಮೇಷ್ಟ್ರು. ಮಾತುಕತೆ ನಡುವೆ ಸಲೇಹಿಗೆ ಮೊಮ್ಮಗಳು ಹುಟ್ಟಿದಾಗ ಮೊನೀಜ್ ಎಂಐಟಿ ಮುದ್ರೆ ಇರೋ ಮಗುವಿನ ಉಡುಗೊರೆ ತಂದ್ಕೊಟ್ರು. ರಾಜಕಾರಣಿಗಳು ಹಕ್ಕು, ಮರ್ಯಾದೆ ಅಂತ ಸಿಕ್ಕಿಹಾಕ್ಕೊಂಡಾಗ, ಇವರಿಬ್ಬರು ಕೂತು ಎಷ್ಟು ಯಂತ್ರ, ಎಷ್ಟು ಕಿಲೋ ಅಂತ ಲೆಕ್ಕ ಹಾಕಿದ್ರು. 'ನೀವು ಸುಳ್ಳುಗಾರರು' ಅನ್ನೋದಕ್ಕೆ ಉತ್ತರ ಇರಲ್ಲ. '5,060 ಯಂತ್ರ ಸಾಕಾ?' ಅನ್ನೋದಕ್ಕೆ ಇರುತ್ತೆ.

2015ರ ಜುಲೈ 14ಕ್ಕೆ ಒಪ್ಪಂದ ಆಯ್ತು. ಸುಮಾರು 19 ಸಾವಿರ ಸೆಂಟ್ರಿಫ್ಯೂಜ್‌ಗಳು 6,104ಕ್ಕೆ ಇಳಿಯಬೇಕು, ಸಂವರ್ಧನೆ ಮಾಡೋದು 5,060 ಮಾತ್ರ. ಶೇ 3.67 ದಾಟಬಾರದು, 300 ಕಿಲೋಗಿಂತ ಹೆಚ್ಚು ದಾಸ್ತಾನು ಇಡಬಾರದು. ಅದೇ ಡಿಸೆಂಬರ್‌ನಲ್ಲಿ 11 ಟನ್‌ಗೂ ಹೆಚ್ಚು ಸಾಮಗ್ರಿ ಹಡಗೇರಿ ರಷ್ಯಾಕ್ಕೆ ಹೋಯ್ತು. ಅರಾಕ್ ರಿಯಾಕ್ಟರ್‌ನ ಒಳಭಾಗಕ್ಕೆ ಕಾಂಕ್ರೀಟ್ ಸುರಿದ್ರು. ಬದಲಿಗೆ ನಿರ್ಬಂಧ ಸಡಿಲ ಆಗಿ, ಇರಾನ್‌ನ ತೈಲ ಮತ್ತೆ ಮಾರುಕಟ್ಟೆಗೆ ಬಂತು.

ಫಲ ಏನು? ಎರಡು-ಮೂರು ತಿಂಗಳಿದ್ದ ಬ್ರೇಕ್‌ಔಟ್ ಟೈಮ್ ಒಂದು ವರ್ಷ ಆಯ್ತು. ಇರಾನ್ ಮೋಸ ಮಾಡಿದ್ರೂ ಜಗತ್ತಿಗೆ ಗೊತ್ತಾಗಿ, ಮಾತಾಡಿ, ತಡೆಯೋಕೆ ಒಂದು ವರ್ಷ. ಇಷ್ಟೆಲ್ಲಾ ಕಸರತ್ತಿನಿಂದ ಕೊಂಡಿದ್ದು ಇದನ್ನೇ.

ಒಪ್ಪಂದದಲ್ಲಿ ಲೋಪ ಇರಲಿಲ್ವಾ? ಇತ್ತು. ಕೆಲವು ಮಿತಿಗಳು 10 ವರ್ಷಕ್ಕೆ, ಕೆಲವು 15 ವರ್ಷಕ್ಕೆ ಮುಗೀತಿದ್ವು. ಕ್ಷಿಪಣಿಗಳ ಬಗ್ಗೆ ಮಿತಿ ಇರಲಿಲ್ಲ. ಇಸ್ರೇಲ್ ಮೊದಲಿಂದಲೂ ವಿರೋಧಿಸಿದ್ದು ಇದಕ್ಕೇ.

ಮುರಿದಿದ್ದು ಎಲ್ಲಿ

2018ರ ಮೇ 8ರಂದು ಡೊನಾಲ್ಡ್ ಟ್ರಂಪ್ ಅಮೆರಿಕವನ್ನ ಒಪ್ಪಂದದಿಂದ ಹೊರಗೆ ತಂದ್ರು. ಆ ಹೊತ್ತಿಗೆ ಇರಾನ್ ಮಿತಿಗಳನ್ನ ಪಾಲಿಸ್ತಿದೆ ಅಂತ ಐಎಇಎ ವರದಿ ಮೇಲೆ ವರದಿ ಕೊಟ್ಟಿತ್ತು. ಆದ್ರೂ ಹೊರಬರೋಕೆ ಹೇಗೆ ಸಾಧ್ಯ ಆಯ್ತು? ಇದು ಅಮೆರಿಕದ ಸೆನೆಟ್ ಅನುಮೋದಿಸಿದ ಸಂಧಿ ಆಗಿರಲಿಲ್ಲ. ಒಬ್ಬ ಅಧ್ಯಕ್ಷರು ಕೊಟ್ಟ ಮಾತು, ಇನ್ನೊಬ್ಬ ಅಧ್ಯಕ್ಷರು ವಾಪಸ್ ತಗೊಂಡ್ರು.

ಇದರ ಬಿಸಿ ನಮ್ಮ ಕರಾವಳಿಗೂ ತಟ್ಟಿತು. ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ ಆಗ ಇರಾನ್ ಕಚ್ಚಾ ತೈಲದ ದೊಡ್ಡ ಗಿರಾಕಿ ಆಗಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿದಾಗ ಭಾರತ ಇರಾನ್‌ನಿಂದ ತೈಲ ಕೊಳ್ಳೋದನ್ನೇ ನಿಲ್ಲಿಸ್ತು. ಆ ಮಾತುಕತೆಯಲ್ಲಿ ನಾವು ಇರಲೇ ಇಲ್ಲ, ಆದ್ರೂ ಬಿಲ್ ನಮಗೂ ಬಂತು.

ಇರಾನ್ ಒಂದು ವರ್ಷ ಕಾದು, ನಂತರ ಒಂದೊಂದೇ ಮಿತಿ ದಾಟ್ತಾ ಹೋಯ್ತು. 2021ರ ಏಪ್ರಿಲ್‌ನಲ್ಲಿ ಶೇ 60. ನಮ್ಮ ಮೊರ ನೆನಪಿದೆಯಲ್ಲ? ಬ್ರೇಕ್‌ಔಟ್ ಟೈಮ್ ವರ್ಷದಿಂದ ವಾರಗಳಿಗೆ ಇಳೀತು. ಅದೇ ವರ್ಷ ವಿಯೆನ್ನಾದಲ್ಲಿ ಮತ್ತೆ ಮಾತು. ಈ ಸಲ ಇರಾನಿಯರು ಒಂದು ಹೋಟೆಲ್‌ನಲ್ಲಿ, ಅಮೆರಿಕನ್ನರು ಇನ್ನೊಂದರಲ್ಲಿ, ನಡುವೆ ಚೀಟಿ ಒಯ್ಯೋ ಹಾಗೆ ಯುರೋಪಿನವರ ಓಡಾಟ. ಮುಂದೆ ಬರೋ ಅಧ್ಯಕ್ಷರು ಮತ್ತೆ ಮಾತು ಮುರಿಯಲ್ಲ ಅಂತ ಗ್ಯಾರಂಟಿ ಕೊಡಿ ಅಂತ ಇರಾನ್ ಕೇಳಿತು. ಅಂಥ ಗ್ಯಾರಂಟಿ ಕೊಡೋಕೆ ಯಾರಿಂದಲೂ ಆಗಲಿಲ್ಲ.

440 ಕಿಲೋ ಎಲ್ಲಿ?

2025ರ ಏಪ್ರಿಲ್‌ನಲ್ಲಿ ಒಮಾನ್ ಮಧ್ಯಸ್ಥಿಕೆಯಲ್ಲಿ ಮತ್ತೆ ಶುರು. ಐದು ಸುತ್ತು ಆಯ್ತು. ಆರನೇದು ಜೂನ್ 15ಕ್ಕೆ ನಿಗದಿ ಆಗಿತ್ತು. ಜೂನ್ 13ಕ್ಕೆ ಇಸ್ರೇಲ್ ದಾಳಿ ಮಾಡ್ತು. 22ಕ್ಕೆ ಅಮೆರಿಕ ಫೋರ್ಡೊ, ನತಾಂಜ್, ಇಸ್ಫಹಾನ್ ಮೇಲೆ ಬಾಂಬ್ ಹಾಕಿತು. ಸೆಪ್ಟೆಂಬರ್ ಕೊನೆಗೆ ವಿಶ್ವಸಂಸ್ಥೆಯ ಹಳೇ ನಿರ್ಬಂಧಗಳೂ ವಾಪಸ್ ಬಂದವು. ಆಮೇಲಿನದ್ದು ಇನ್ನೊಂದು ಎಪಿಸೋಡ್‌ನ ಕಥೆ, ನಾನು ಇಲ್ಲಿಗೇ ನಿಲ್ಲಿಸ್ತೀನಿ.

ಯಾಕಂದ್ರೆ ಪಾಠ ಇಲ್ಲೇ ಇದೆ. ದಾಳಿ ಶುರುವಾದ ದಿನ ಇರಾನ್ ಹತ್ರ ಶೇ 60ರ ಯುರೇನಿಯಂ ಸುಮಾರು 440 ಕಿಲೋ ಇತ್ತು ಅಂತ ಐಎಇಎ ಅಂದಾಜು. ಇನ್ನಷ್ಟು ಸಂವರ್ಧಿಸಿದ್ರೆ, ಅದರದ್ದೇ ಅಳತೆಯಲ್ಲಿ, ಸುಮಾರು ಹತ್ತು ಬಾಂಬ್‌ಗೆ ಸಾಕಾಗುವಷ್ಟು. ಜುಲೈ ಶುರುವಿನಲ್ಲಿ ತಪಾಸಕರು ದೇಶ ಬಿಟ್ಟು ಬಂದ್ರು. ಬಾಂಬ್ ಬಿದ್ದ ಆ ಮೂರು ಘಟಕಗಳಿಗೆ ಆಮೇಲೆ ಅವರಿಗೆ ಪ್ರವೇಶ ಸಿಗಲಿಲ್ಲ. ಒಪ್ಪಂದ ಇದ್ದಾಗ ಗ್ರಾಂ ಲೆಕ್ಕ ಗೊತ್ತಿತ್ತು. ಈಗ ಕಟ್ಟಡಗಳು ಬಿದ್ದಿವೆ, ಲೆಕ್ಕವೂ ತಪ್ಪಿದೆ.

ವಾಯ್ಸ್ ನೋಟ್ ಕಳಿಸಿದ ಗೆಳೆಯರಿಗೆ ನನ್ನ ಉತ್ತರ ಇಷ್ಟು: ನೀವು ಬೈಕ್ ಕಂತು ಕಟ್ಟಿದ ಹಾಗೆ, ಜಗತ್ತು ಅಷ್ಟು ವರ್ಷ ಟೈಮ್‌ಗೆ ಕಂತು ಕಟ್ತಿತ್ತು. ಕಂತು ನಿಂತ ಮೇಲೆ ಮೊದಲು ಕೈಬಿಟ್ಟಿದ್ದು ತಪಾಸಣೆ, ಆಮೇಲೆ ಮಾತು. ಇನ್ನು ಯಾರಾದ್ರೂ 'ಇರಾನ್ ಬಾಂಬ್ ಮಾಡ್ತಾ?' ಅಂತ ಫಾರ್ವರ್ಡ್ ಕಳಿಸಿದ್ರೆ, 'ಈಗ ಅಲ್ಲಿ ಲೆಕ್ಕ ನೋಡ್ತಿರೋರು ಯಾರು?' ಅಂತ ವಾಪಸ್ ಕೇಳಿ. ನಿಮ್ಮ ಪ್ರಶ್ನೆಗಳನ್ನ ಕಳಿಸ್ತಾ ಇರಿ. ಮುಂದಿನ ವಾರ ಸಿಗೋಣ.