ರಿಮೋಟ್ ಕಾರಿನ ಚಕ್ರ ಕಳಚೋದು ಯಾಕೆ?

ರಿಮೋಟ್ ಕಾರು ಜೋರಾಗಿ ಓಡ್ತಿರುವಾಗಲೇ
ಒಂದು ಚಕ್ರ ಕಳಚಿ ತೋಟಕ್ಕೆ ಹಾರೋದು ಯಾಕೆ?

ನಮ್ಮ ಅರಳಸುರಳಿ ಕಡೆಯ ಮಣ್ಣುದಾರಿ ಗೊತ್ತಲ್ಲ,
ಕಲ್ಲು, ಬೇರು, ಗುಂಡಿ.
ಕಾರು ಅದುರಿ ಅದುರಿ
ಚಕ್ರದ ನಟ್ ಸಡಿಲ ಆಗುತ್ತೆ.

ಎತ್ತಿನಗಾಡಿ ನೆನಪು ಮಾಡ್ಕೊಳ್ಳಿ.
ಅಚ್ಚಿನ ತುದಿಗೆ ಒಂದು ಕಡೆಗೀಲು.
ಅದು ಬಿದ್ರೆ ಗಾಲಿ ಹೊರಗೆ!
ನಿಮ್ಮ ಕಾರಿಗೆ ಈ ಪುಟ್ಟ ನಟ್ಟೇ ಕಡೆಗೀಲು.

ನಟ್ ಒಳಗೆ ಇಣುಕಿ ನೋಡಿ.
ನೈಲಾನ್ ಉಂಗುರ ಇದೆಯಾ?
ಥ್ರೆಡ್ಡನ್ನ ಕಚ್ಚಿ ಹಿಡಿಯೋದು ಅದೇ.
ಪದೇ ಪದೇ ಬಿಚ್ಚಿ ಹಾಕಿದ್ರೆ ಅದು ಸವೆಯುತ್ತೆ.
ನಟ್ ಬರೀ ಬೆರಳಲ್ಲೇ ಕೊನೇವರೆಗೂ ತಿರುಗ್ತಿದ್ಯಾ?
ಅದರ ಆಯಸ್ಸು ಮುಗೀತು, ಬದಲಾಯಿಸಿ.

ಇನ್ನೊಂದು ಮುಖ್ಯ ವಿಷಯ.
ಚಕ್ರವನ್ನ ತಿರುಗಿಸೋದು ನಟ್ ಅಲ್ಲ,
ಚಕ್ರದ ಹಿಂದಿರೋ ಆರು ಮೂಲೆಯ ಹೆಕ್ಸ್.
ನಿಜವಾದ ಕಾರಿನ ಹತ್ತನೇ ಒಂದು ಅಳತೆಯ ಕಾರುಗಳಲ್ಲಿ
ಹೆಕ್ಸ್‌ನ ಅಗಲ ಸಾಮಾನ್ಯವಾಗಿ 12 ಮಿಲಿಮೀಟರ್.
ಅದು ಚಕ್ರದ ಗುಂಡಿಯಲ್ಲಿ ಸರಿಯಾಗಿ ಕೂರದೆ ಬಿಗಿದ್ರೆ
ಪ್ಲಾಸ್ಟಿಕ್ ಮೂಲೆಗಳೇ ಸವೆದುಹೋಗ್ತವೆ.
ಹೆಕ್ಸ್ ಹಿಂದೆ ಒಂದು ಸಣ್ಣ ಪಿನ್ನೂ ಇರುತ್ತೆ.
ಹುಲ್ಲಿನ ಮೇಲಂತೂ ಚಕ್ರ ಬಿಚ್ಚಲೇಬೇಡಿ,
ಆ ಪಿನ್ ಬಿದ್ರೆ ಸಿಗಲ್ಲ!

ಓಡಿಸೋ ಮುಂಚೆ, ಪ್ರತಿ ಸಲ,
ನಾಲ್ಕೂ ಚಕ್ರ ಹಿಡಿದು ಅಲ್ಲಾಡಿಸಿ ನೋಡಿ.
ಗಡಗಡ ಅಂದ್ರೆ ಮೊದಲು ಸ್ಪ್ಯಾನರ್, ಆಮೇಲೆ ರಿಮೋಟ್.